ಕೈಯಲ್ಲಿ ಬಿಗಿ ಮಾಡಿದ ಬೋಲ್ಟು

28 ಸೆಪ್ಟೆಂಬರ್ 2006, ಗುರುವಾರ

ಹತ್ತನೇ ಕ್ಲಾಸಿನ ವಿಜ್ಞಾನ ಪೇಪರ್ ಇನ್ನೂ ನಲವತ್ತು ಬಾಕಿ. ಘರ್ಷಣೆಯ ಉಪಯೋಗ ಬರೆಯಿರಿ ಅಂದರೆ ಒಬ್ಬ ‘ಬೆಂಕಿಕಡ್ಡಿ’ ಎಂದಷ್ಟೇ ಬರೆದಿದ್ದಾನೆ. ತಪ್ಪೇನಲ್ಲ. ಅರ್ಧ ಮಾರ್ಕು ಕೊಟ್ಟೆ.

ಸಂಜೆ ಚಂದಯ್ಯನ ಗ್ಯಾರೇಜಿನಲ್ಲಿ ಮಾರುತಿಗೆ ಆಯಿಲ್ ಬದಲಾಯಿತು. ಮುಂದಿನ ಬಲಗಡೆ ಚಕ್ರ ಬಿಚ್ಚಿ, ಬ್ರೇಕ್ ತೆರೆದು ನೋಡಿದ. “ಮಾಷ್ಟ್ರೆ, ಪ್ಯಾಡ್ ಸವ್ದ್ ಹೋಯಿತ್ತ್. ಬದ್ಲ್ಸ್ಕ್. ಹಬ್ಬ ಕಳ್ದ್ ಮೇಲೆ ತನ್ನಿ, ಈಗ ಪುರ್ಸೊತ್ತಿಲ್ಲೆ.” ಮತ್ತೆ ಜೋಡಿಸಿ ಕಳಿಸಿದ.

ಹಬ್ಬಕ್ಕೆ ಕೋಡಿಗೆ ತಂಗಿಯ ಮನೆಗೆ ಹೋಗಲಿಕ್ಕುಂಟು. ಅಷ್ಟಕ್ಕೂ ಎರಡು ಬೋಲ್ಟು ಬಿಚ್ಚಿ ಎರಡು ತುಂಡು ಬದಲಿಸುವ ಕೆಲಸ. ಇಪ್ಪತ್ತೆರಡು ವರ್ಷದಿಂದ ಘರ್ಷಣೆ ಪಾಠ ಮಾಡುವವನಿಗೆ ಬಾರದೇ?

1 ಅಕ್ಟೋಬರ್, ಭಾನುವಾರ, ಬೆಳಿಗ್ಗೆ 10.40

ಎಡಗಡೆ ಚಕ್ರಕ್ಕೆ ಹೊಸ ಪ್ಯಾಡ್ ಹಾಕಿ ಮುಗಿಯಿತು. ಸಲೀಸು. ಹೆಂಡತಿ ಪ್ರಭಾವತಿ ಚಾ ತಂದಳು. “ಹ್ವಾಯ್, ಗೊತ್ತಿದ್ದೇ ಮಾಡ್ತ್ರಿ ಅಲ್ದಾ?” ಎಂದಳು. ಚಂದಯ್ಯನಿಗಿಂತ ಚೊಕ್ಕ ಮಾಡಿದ್ದೇನೆ, ನೋಡು ಎಂದೆ.

ಬಲಗಡೆ ಹೊಸ ಪ್ಯಾಡ್ ಕೂರಿಸಿ, ಬ್ರೇಕಿನ ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸಿ ಹಾಕಿ, ಸ್ಪ್ಯಾನರಿಗೆ ಕೈಚಾಚಿದೆ — ಇಲ್ಲ. ಅಮ್ಮ ಎಲ್ಲವನ್ನೂ ಒರೆಸಿ, ಕುಂಕುಮ ಹಚ್ಚಿ, ದೇವರ ಕೋಣೆಯ ಮಣೆಯ ಮೇಲೆ ಜೋಡಿಸಿಬಿಟ್ಟಿದ್ದಾಳೆ. ಆಯುಧಪೂಜೆ. ಜಾಕ್, ಚಕ್ರ ಬಿಚ್ಚುವ ಪಾನ ಮಾತ್ರ ನನ್ನ ಕಾಲಬುಡದಲ್ಲಿದ್ದವು.

“ಪೂಜಿಗ್ ಇಟ್ಟದ್ದ್ ನಾಳಿನ್ವರಿಗ್ ಮುಟ್ಟುಕಾಗ ಮಗಾ.”

ಕೆಲಸ ಅರ್ಧ ಆದದ್ದು ಅಂತ ಹೇಳಬಹುದಿತ್ತು. ಚೊಕ್ಕ ಮಾಡಿದ್ದೇನೆ ಎಂದು ಆಗಷ್ಟೇ ಕೊಚ್ಚಿಕೊಂಡಿದ್ದೆನಲ್ಲ... ಪಕ್ಕದ ಮನೆಯಲ್ಲಿ ಕೇಳಿದರೆ ಅಲ್ಲಿಯೂ ಸ್ಪ್ಯಾನರ್ ಮಣೆಯ ಮೇಲೆಯೇ. ಕೈಯಲ್ಲಿ ಆದಷ್ಟು ಬಿಗಿ ಮಾಡಿದೆ. ಚಕ್ರ ಹಾಕಿದೆ. ನಾಳೆ ಮತ್ತೆ ಬಿಚ್ಚಿ ಸರಿ ಮಾಡಿದರಾಯಿತು.

ಅಮ್ಮ, ಪ್ರಭಾವತಿ ಸೀರೆ ಉಟ್ಟು ಕಾಯುತ್ತಿದ್ದಾರೆ. ಹೊರಡಬೇಕು.

ಅದೇ ದಿನ, ರಾತ್ರಿ

ಕೋಡಿಯಿಂದ ಬರುವಾಗ. ಬಸ್ರೂರು ಇಳಿಜಾರು. ಬಲಗಡೆ ಚಕ್ರದಲ್ಲಿ ಕಟಕಟ ಸದ್ದು, ಆಮೇಲೆ ಒಂದೇ ಏಟು. ಪೆಡಲ್ ತಳಕ್ಕೆ ಹೋಯಿತು. ಹ್ಯಾಂಡ್ ಬ್ರೇಕ್ ಎಳೆದೆ. ಸಾಕಾಗಲಿಲ್ಲ.

ಹೂ ಮಾರುವ ಸೀತು. ಖಾಲಿ ಬುಟ್ಟಿ ಹಿಡಿದು ರಸ್ತೆ ದಾಟುತ್ತಿದ್ದಳು. ಎಡಗಾಲು ಮೊಣಕಾಲಿನ ಕೆಳಗೆ ಮುರಿದಿದೆ. ರಾಡ್ ಹಾಕಬೇಕಂತೆ. ಜೀವಕ್ಕೆ ತೊಂದರೆ ಇಲ್ಲ.

ಜನ ಸೇರಿದರು. ಅಂಗಡಿಯ ಪ್ರೇಮಾನಂದ ಕೇಳಿದ, “ಎಂತಾಯ್ತ್ ಮಾಷ್ಟ್ರೆ?”

ನಾನು ಹೇಳಿದ್ದು ಇಷ್ಟೇ: “ಮೊನ್ನೆಯಷ್ಟೇ ಚಂದಯ್ಯ ಚಕ್ರ ಬಿಚ್ಚಿದ್ದ ಮಾರಾಯಾ.”

ಸುಳ್ಳಲ್ಲ. ಬಿಚ್ಚಿದ್ದು ಹೌದಲ್ಲ.

ಪ್ರಭಾವತಿ ಪಕ್ಕದಲ್ಲೇ ಇದ್ದಳು.

3 ಅಕ್ಟೋಬರ್

ಕಾರನ್ನು ಕುಂದಾಪುರದ ಬೇರೊಂದು ಗ್ಯಾರೇಜಿಗೆ ಎಳೆಸಿದೆ. ಚಂದಯ್ಯ ಕಂಡರೆ ಹೊಸ ಪ್ಯಾಡ್ ಕಣ್ಣಿಗೆ ಬೀಳುತ್ತದೆ. ಇಷ್ಟೆಲ್ಲ ಯೋಚಿಸುವಷ್ಟು ಬುದ್ಧಿ ಓಡಿತು, ಥೂ.

ಆಸ್ಪತ್ರೆಯ ಜವಾಬ್ದಾರಿ ನನ್ನದು ಎಂದಿದ್ದೇನೆ. ಯಾರದೋ ತಪ್ಪಿಗೆ ಮಾಷ್ಟ್ರು ನಿಂತರು ಅಂತ ಊರು ಹೊಗಳುತ್ತಿದೆ. ಬೇಡ ಎನ್ನಲೂ ಇಲ್ಲ ನಾನು.

5 ಅಕ್ಟೋಬರ್

ಚಂದಯ್ಯ ಬಂದ. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆಯೇ ನಿಂತ.

“ಕಾಂಬುಕೆ ಬಿಚ್ಚಿದ್ದೆ. ತಿರ್ಗಿ ಬಿಗಿ ಮಾಡ್ದೆ ಅಂದೇ ನೆನ್ಪ್ ಮಾಷ್ಟ್ರೆ. ಮೂರ್ ದಿನ್ದಿಂದ ಅದನ್ನೇ ಗ್ರಹಿಸ್ತಾ ಇದ್ದೆ. ಖರೆ ಹೇಳುಕೆ ಆತಿಲ್ಲೆ. ನಿಮ್ಮ್ ಅಮ್ಮನೂ ಕಾರಲ್ಲ್ ಇದ್ರಂಬ್ರ್...” ಕಣ್ಣು ಒರೆಸಿಕೊಂಡ.

ನಾನು? “ಆದದ್ದಾಯಿತು ಚಂದಯ್ಯ, ಬೇಜಾರ್ ಮಾಡ್ಕಬೇಡ” ಎಂದೆ. ಕ್ಷಮಿಸಿದವನ ಗತ್ತಿನಲ್ಲಿ.

ಊಟಕ್ಕೆ ಬಡಿಸುವಾಗ ಪ್ರಭಾವತಿ, “ನಂಗೂ ಸೇರ್ಸಿ ಸುಳ್ಳ್ ಹೇಳ್ಸ್ದ್ರಿ ನೀವ್” ಎಂದಳು. ಮತ್ತೆ ಮಾತಿಲ್ಲ.

14 ನವೆಂಬರ್

ನಲವತ್ತು ದಿನ ಬರೆದಿಲ್ಲ. ಬರೆದರೆ ಓದಬೇಕಾಗುತ್ತದೆ.

ಚಂದಯ್ಯನ ಗ್ಯಾರೇಜಿನ ಶಟರ್ ಎಳೆದಿದೆ. ಮೊದಲು ರಿಕ್ಷಾದವರು ಹೋಗುವುದು ಬಿಟ್ಟರು. ಆಮೇಲೆ ಇವನೇ ಸ್ಪ್ಯಾನರ್ ಮುಟ್ಟುವುದು ಬಿಟ್ಟನಂತೆ. ಈಗ ಪ್ರೇಮಾನಂದನ ಅಂಗಡಿಯಲ್ಲಿ ಬೇಳೆ, ಸಕ್ಕರೆ ಕಟ್ಟಿ ಕೊಡುತ್ತಾನೆ.

ಅದಕ್ಕೂ ಮುಂಚೆ, ಬೆಳಿಗ್ಗೆ ಆರಕ್ಕೆ ಸೀತುವಿನ ಮನೆಗೆ ಹೋಗಿ, ಅವಳು ಕಟ್ಟಿಟ್ಟ ಹೂವನ್ನು ಸೈಕಲ್ಲಿನಲ್ಲಿ ಮನೆಮನೆಗೆ ಮುಟ್ಟಿಸಿ ಬರುತ್ತಾನೆ. ಅವಳ ಕಾಲು ಸರಿಯಾಗುವವರೆಗೆ ಅದು ತನ್ನ ಕೆಲಸವಂತೆ. ನಮ್ಮ ಮನೆಗೂ ಬರುತ್ತಾನೆ. ಗೇಟಿನ ಬಳಿ ಬೆಲ್. “ಅಮ್ಮಾ, ಹೂಗ್!” ಪ್ರಭಾವತಿ ತೆಗೆದುಕೊಂಡು ದೇವರಿಗೆ ಇಡುತ್ತಾಳೆ. ಮುಡಿಯುವುದಿಲ್ಲ. ನಾನು ಆ ಹೊತ್ತಿಗೆ ಬಚ್ಚಲಿನಲ್ಲಿರುತ್ತೇನೆ. ಬೇಕೆಂದೇ.

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುವವನು ಅವನು. ಇವತ್ತು ಮಕ್ಕಳ ದಿನಾಚರಣೆಯಲ್ಲಿ ಸತ್ಯದ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿದೆ. ಚಪ್ಪಾಳೆಯೂ ಬಿತ್ತು.

3 ಡಿಸೆಂಬರ್, ಭಾನುವಾರ

ಹೇಳಿದೆ.

ಇವತ್ತು ಬಚ್ಚಲಿಗೆ ಹೋಗಲಿಲ್ಲ. ಹೂ ಕೊಟ್ಟು ಸೈಕಲ್ ತಿರುಗಿಸಿದವನ ಹಿಂದೆ ನಡೆದೆ. ಅವನ ಮನೆಯ ಜಗಲಿಯವರೆಗೂ ಹೋದೆ. ಅಲ್ಲಿ ನಿಂತು ಎಲ್ಲ ಹೇಳಿದೆ — ಪ್ಯಾಡ್ ಬದಲಿಸಿದ್ದು ನಾನು, ಮಣೆಯ ಮೇಲಿನ ಸ್ಪ್ಯಾನರ್, ಕೈಯಲ್ಲಿ ತಿರುಗಿಸಿದ ಬೋಲ್ಟು, ಎಲ್ಲ.

ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಎರಡೂ ಕೈ ಎತ್ತಿ ತಿರುಗಿಸಿ ನೋಡಿಕೊಂಡ. “ಹಂಗಾರೆ ನನ್ ಕೈ ಸರಿ ಇತ್ತಾ?” ಎಂದ. ಮತ್ತೆ ಒಳಗೆ ಕೂಗಿದ, “ಹ್ವಾಯ್, ಕೇಂಡ್ಯಾ? ನಂದಲ್ಲ ಮಾರಾಯ್ತಿ! ಬೋಲ್ಟ್ ನಾ ಬಿಗಿ ಮಾಡಿದ್ದೇ ಹೌದ್!” ಮುಖದ ತುಂಬ ನಗು. ನಗುತ್ತಲೇ ಅತ್ತ. “ಬುದ್ಧಿ ಮಂಕಾಯ್ತ್ ಅಂದ್ಕಂಡಿದ್ದೆ ಮಾಷ್ಟ್ರೆ. ಇನ್ನ್ ಯಾರ್ ಗಾಡಿಯೂ ಮುಟ್ಟುಕಾಗ ಅಂದ್ಕಂಡಿದ್ದೆ.”

ನನ್ನ ಮೇಲೆ ಸಿಟ್ಟು ಮಾಡಲು ಅವನಿಗೆ ನೆನಪೇ ಆಗಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅವನ ಹೆಂಡತಿ ಸುಗುಣ ಬಾಗಿಲಲ್ಲಿ ನಿಂತಿದ್ದಳು. ಅವಳು ನಗಲಿಲ್ಲ. “ಸೀತುಗ್ ಹೇಳಿದ್ರ್ಯಾ?” ಎಂದಳು.

ಇಲ್ಲ ಎಂದೆ.

“ಇವ್ರ್ ಹೇಳುದಿಲ್ಲೆ. ನಾನೂ ಹೇಳುದಿಲ್ಲೆ. ನೀವೇ ಹೇಳ್ಕ್.”

4 ಡಿಸೆಂಬರ್, ಬೆಳಿಗ್ಗೆ 5.30

ಶರ್ಟು ಹಾಕಿ ಕುಳಿತಿದ್ದೇನೆ. ಪ್ರಭಾವತಿ ನಾನು ಏಳುವ ಮೊದಲೇ ಎದ್ದು ಚಾ ಮಾಡಿಟ್ಟಿದ್ದಾಳೆ. ಸೀತುವಿನ ಮನೆಗೆ ತಾನೂ ಬರುತ್ತಾಳಂತೆ. ಎರಡು ತಿಂಗಳಲ್ಲಿ ತಾನಾಗಿ ಆಡಿದ ಮೊದಲ ಮಾತು.

ಸೀತು ಈಗ ಕಾಲು ಚಾಚಿ ಕುಳಿತು ಹೂ ಕಟ್ಟುತ್ತಿರುತ್ತಾಳೆ. ಎಲ್ಲಿಂದ ಶುರು ಮಾಡುವುದು? ಬರೆದು ನೋಡುತ್ತೇನೆ.

ಸೀತೂ, ಚಂದಯ್ಯನದ್ದ್ ತಪ್ಪಲ್ಲ —

ಅಲ್ಲ. ಅವನ ಹೆಸರು ಬೇಡ. ಒಮ್ಮೆ ಎತ್ತಿದ್ದೇ ಸಾಕು.

ಪೂಜೆಗೆ ಇಟ್ಟ ಸ್ಪ್ಯಾನರ್ —

ಅದೂ ಬೇಡ. ಅಮ್ಮನ ಮೇಲೆ ಹಾಕಿದ ಹಾಗಾಗುತ್ತದೆ.

ಸೀತೂ, ನಾ ಬೋಲ್ಟ್ ಸಮಾ ಬಿಗಿ ಮಾಡದೇ ಕಾರ್ ಬಿಟ್ಟೆ.