ಪುಟ್ಟಿಗೆ, ಅವಳ ಅಕ್ಕನಿಂದ

ಮಾರ್ಚ್ 4, ಬೆಳಿಗ್ಗೆ

ಪುಟ್ಟೀ, ಹೇಗಿದ್ದೀಯ? ನಿನ್ನವರ ಕೆಮ್ಮು ಕಡಿಮೆ. ನಿನ್ನ ಮಗಳು ಗುಂಡಿ ನನ್ನ ಹತ್ತಿರವೇ ಇದ್ದಾಳೆ, ಜಡೆ ಹಾಕುವಾಗ ಮಾತ್ರ ಜಗಳ. ನಾನು ಎಂದಿನಂತೆ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುತ್ತಿದ್ದೇನೆ. ಇದೇ ಆಸ್ಪತ್ರೆಯ ಮೇಲಿನ ಮಹಡಿ, ಐಸಿಯುನಲ್ಲಿ ನೀನು. ಒಡಹುಟ್ಟಿದವಳಾದರೂ ಒಳಗೆ ಬಿಡರು. ಹೇಳಬೇಕಾದ್ದು ತುಂಬ ಇದೆ… ಅದಕ್ಕೇ ಈ ಕಾಗದ.

ಮಾರ್ಚ್ 5

ನಿನ್ನ ಜೊತೆ ಕೆಲಸ ಮಾಡುವ ನರ್ಸ್ ಗೆಳತಿ ಎಲ್ಲ ಹೇಳಿದಳು. ಹೆರಿಗೆ ವಾರ್ಡಿನಲ್ಲಿ ಸ್ವಂತ ಚಪ್ಪಲಿ ಬಾಗಿಲಲ್ಲೇ ಬಿಟ್ಟು ವಾರ್ಡಿನದನ್ನು ಮೆಟ್ಟಬೇಕಲ್ಲ — ಅವೆಲ್ಲ ಗಂಡಸರ ಅಳತೆಯವು. ಕಾಲಿಂದ ಕಳಚದಿರಲಿ ಎಂದು ನೀವು ನರ್ಸುಗಳೆಲ್ಲ ಅಡಿಯಿಂದ ಬ್ಯಾಂಡೇಜ್ ಬಟ್ಟೆ ಸುತ್ತಿ ಬಿಗಿದುಕೊಳ್ಳುತ್ತಿದ್ದಿರಿ. ಆಗಷ್ಟೇ ಒರೆಸಿದ ನೆಲ. ಆ ಬಟ್ಟೆಯೇ ಜಾರಿತು. ತೋಳಿನಲ್ಲಿ ಆಗತಾನೆ ಹುಟ್ಟಿದ ಕೂಸು. ಕೈ ಊರಲಿಲ್ಲ ನೀನು. ಅಂಗಾತ ಬಿದ್ದೆ, ತಲೆ ನೆಲಕ್ಕೆ… ಕೂಸು ನಿನ್ನ ಎದೆಯ ಮೇಲೆ. ಒಂದು ಗೀರೂ ಇಲ್ಲವಂತೆ.

ಮಾರ್ಚ್ 6

ವಿಚಾರಣೆ ಆಯಿತು. ಓಡಬಾರದೆಂಬ ಬೋರ್ಡು ಕಾಣಲಿಲ್ಲವೇ ಎಂದರಂತೆ ಸೂಪರ್‌ವೈಸರ್.

"ಮಗು ಉಸಿರಾಡ್ತಿರಲಿಲ್ಲ ಸಾರ್. ಆಕ್ಸಿಜನ್ ಇರೋದು ಆ ಕೊನೆ ರೂಮಲ್ಲಿ. ಬೋರ್ಡು ಓದ್ಕೊಂಡು ನಿಲ್ಲಬೇಕಿತ್ತಾ?" ಎಂದಳಂತೆ ನಿನ್ನ ಗೆಳತಿ.

ಮೇಟ್ರನ್ ಕಣ್ಣೊರೆಸಿಕೊಂಡರು. ನನ್ನನ್ನು ಡ್ಯೂಟಿಯಲ್ಲಿ ಅಕ್ಕ ಎನ್ನದೆ ಎಲ್ಲರಂತೆ ಆಯಮ್ಮ ಎನ್ನಬೇಕೆಂದು ನಿನ್ನನ್ನು ಗದರಿದ್ದವರು ಅವರೇ. "ಹಾಗೆ ಕರೆದ್ರೆ ಇವಳು ರಾತ್ರಿ ಊಟಕ್ಕೆ ಹಾಕಲ್ಲ ಮೇಡಂ" ಎಂದು ಅವರನ್ನೇ ನಗಿಸಿಬಿಟ್ಟಿದ್ದೆಯಲ್ಲ.

ಮಾರ್ಚ್ 19

ಒಳಗೆ ಬಿಟ್ಟರು. ನೀನು ಕಣ್ಣು ಬಿಟ್ಟಿದ್ದೆ! ನಿನ್ನ ಕೈ ಹಿಡಿದುಕೊಂಡೆ. ನೀನು ನನ್ನ ಯೂನಿಫಾರ್ಮ್ ಸೀರೆಯನ್ನೇ ನೋಡಿದೆ.

"ಆಯಮ್ಮಾ, ಮಗು ಉಸಿರಾಡ್ತಿದೆಯಾ?"

"ಆಡ್ತಿದೆ ಕಣಮ್ಮ. ಆಸ್ಪತ್ರೆ ಹಾರಿಹೋಗೋ ಹಾಗೆ ಅಳ್ತಿದೆ."

ನೀನು ನಕ್ಕೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕೇಳಿದೆ. ಮತ್ತೆ ಆಯಮ್ಮಾ.

ನೆನಪು ಬಂದರೂ ಬರಬಹುದು ಎನ್ನುತ್ತಾರೆ ಡಾಕ್ಟರು, ಮುಖ ನೋಡದೆ.

ಏಪ್ರಿಲ್ 11, ಸಂಜೆ

ವಾರ್ಡಿಗೆ ಹೊಸ ಚಪ್ಪಲಿ ಬಂದಿವೆ, ಚಿಕ್ಕ ಅಳತೆಯವೂ. ನಿನ್ನ ಪಾದಕ್ಕಾಗುವ ಜೋಡಿ ಹಿಡಿದುಕೊಂಡು ನಾನು ನಿಂತುಬಿಟ್ಟಿದ್ದೆ. ನಿನ್ನ ಗೆಳತಿ ಮೆಲ್ಲಗೆ ಬಿಡಿಸಿಕೊಂಡಳು.

ನಿನ್ನನ್ನು ಮನೆಗೆ ಕರೆತಂದಿದ್ದೇವೆ. ಗುಂಡಿ ಇವತ್ತು ಜಡೆಗೆ ಜಗಳವಾಡಲಿಲ್ಲ. "ದೊಡ್ಡಮ್ಮಾ, ಅಮ್ಮ ನನ್ನನ್ನೇ ಕೇಳಿದ್ಲು, ನೀನು ಯಾರ ಮಗು ಅಂತ" ಎಂದಳು. ರಿಬ್ಬನ್ ಕಟ್ಟುತ್ತಲೇ ಇದ್ದೆ.

ಪಕ್ಕದ ಕೋಣೆಯಲ್ಲೇ ಇದ್ದೀಯ. ಆದರೂ ಇದು ನನ್ನನ್ನು ಅಕ್ಕಾ ಎನ್ನುತ್ತಿದ್ದ ಪುಟ್ಟಿಗೆ. ಎಲ್ಲಿದ್ದೀಯೋ, ಹೇಗಿದ್ದೀಯೋ. ತಡ ಮಾಡಬೇಡ ಕಣೇ, ಎರಡೇ ಸಾಲು ಬರಿ…

ಕೂಗುತ್ತಿದ್ದೀಯ. ಆಯಮ್ಮಾ ಎಂದೇ. ಬಂದೆ, ಮಗು ಚೆನ್ನಾಗಿದೆ ಎಂದು ಹೇಳಿ —