ನೀಲವ್ವನ ಚೀಟಿ ತಿದ್ದಿದವಳು

ಗಾಳಿಕಂಬದ ಓಣಿ, ಗದಗ
ಶ್ರಾವಣ ಬಹುಳ ತದಿಗೆ, ಕ್ರಿ.ಶ. 2171

ಇಂದುಮತಿ ಅಜ್ಜಿಯವರಿಗೆ, ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳಾದ ರುದ್ರವ್ವನ ನಮಸ್ಕಾರಗಳು.

ತಾರೀಖು ನೋಡಿ ಕಾಗದ ಕೆಳಗಿಡಬೇಡಿ. ನಿಮ್ಮ ಕಾಲದಲ್ಲಿಲ್ಲದ ಮಾತುಗಳು ಇದರಲ್ಲಿ ಕೆಲವಿವೆ, ಕ್ಷಮಿಸಿ. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಇದು ಹಿಂದೋಲೆ. ಶ್ರಾವಣದಲ್ಲಿ ಮನೆಯ ಹಿರಿಯಳು ತೀರಿಹೋದ ಹಿರಿಯರೊಬ್ಬರಿಗೆ, ಅವರು ಬದುಕಿದ್ದ ಕಾಲಕ್ಕೇ ಬರೆಯುವ ಪತ್ರ. ನೀವು ಕಂಪ್ಯೂಟರಿನಲ್ಲಿ ಒಂದು ಕಾದಂಬರಿಗೆಂದು ಮಾಡಿಟ್ಟ ಪಾತ್ರಗಳ ಪಟ್ಟಿ ನಮ್ಮ ಮನೆಯಲ್ಲಿ ಇನ್ನೂ ಇದೆ. ಆದ್ದರಿಂದ ನನ್ನ ತಪ್ಪು ನಿಮಗೆ ಅರ್ಥವಾದೀತು.

ನಾನು ಓದಿದ್ದು ಹೈಸ್ಕೂಲು. ಆದರೂ ನಲವತ್ತು ವರ್ಷದಿಂದ ಈ ಮನೆ ನನ್ನ ಮಾತಿನ ಮೇಲೆ ನಡೆದಿದೆ. ನೀರು ಎರಡು ದಿನಕ್ಕೊಮ್ಮೆ ಬರುತ್ತದೆ. ನಮ್ಮ ತೊಟ್ಟಿ ಒಮ್ಮೆಯೂ ಬರಿದಾಗಿಲ್ಲ. ಗಂಡಸರು ಗುಡ್ಡದ ಮೇಲೆ ಗಾಳಿಕಂಬಗಳ ರೆಕ್ಕೆ ತೊಳೆದು ಬರುವ ಹೊತ್ತಿಗೆ ರೊಟ್ಟಿ ಬಿಸಿಯಾಗಿರುತ್ತದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಮುಂದಿನದನ್ನು ಹೇಳಲು ಹೆಮ್ಮೆಯಿಲ್ಲ.

ನಮ್ಮ ಕಾಲದಲ್ಲಿ ಪ್ರತಿ ಮನೆಯಿಂದ ಒಬ್ಬರು ಒಂದು ಮನೆಗಾದಂಬರಿ ಬರೆಯುತ್ತಾರೆ. ಹೆಸರು ಬೇರೆ, ಊರು ಬೇರೆ, ಒಳಗಿನ ಜೀವ ಮಾತ್ರ ಆ ಮನೆಯದು. ಅದಕ್ಕೆ ಹಂದರ ಎಂಬ ಸಾಧನವಿದೆ. ಬಳ್ಳಿಗೆ ಹಂದರ ಹಾಕಿದಂತೆ ಅದು ಕತೆಗೆ ಆಸರೆ ಕೊಡುತ್ತದೆ. ಪ್ರತಿ ಪಾತ್ರಕ್ಕೂ ಒಂದು ಚೀಟಿ: ಈಕೆಗೆ ಏನು ಬೇಕು, ಏನು ಗೊತ್ತು, ಏನು ಗೊತ್ತಿಲ್ಲ. ಚೀಟಿಯಲ್ಲಿ ಒಂದು ಮಾತು ಬದಲಾದರೆ, ಅದಕ್ಕೆ ಹೊಂದುವಂತೆ ಕತೆಯನ್ನೆಲ್ಲ ಹಂದರವೇ ತಿದ್ದಿಕೊಳ್ಳುತ್ತದೆ. ಯಾವುದನ್ನು ಯಾರು ತಿದ್ದಿದರೆಂದು ಪಕ್ಕದಲ್ಲಿ ಗುರುತು ಬೀಳುತ್ತದೆ. ಹಿರಿಯರು ತಿದ್ದಿದರೆ ಮಾತ್ರ ಬೀಳುವುದಿಲ್ಲ. ಹಿರಿಯರ ಕೈಯನ್ನು ತೋರಿಸುವುದು ಅವರಿಗೆ ಅಗೌರವವೆಂದು ನಮ್ಮವರು ಹಾಗೆ ಮಾಡಿಸಿದ್ದಾರೆ; ಇದು ಹಿರಿಯರಾದವರಿಗಷ್ಟೇ ಗೊತ್ತು. ಕೊನೆಗೆ ಮನೆಯ ಹಿರಿಯಳು ಒಪ್ಪಿಗೆ ಒತ್ತಬೇಕು. ಒತ್ತಿದ ಮೇಲೆ ಹಳೆಯ ಪ್ರತಿಗಳು ಉಳಿಯುವುದಿಲ್ಲ.

ನಮ್ಮ ಮನೆಯ ಕಾದಂಬರಿ ಬರೆದವಳು ನನ್ನ ಸೊಸೆ ದಾಕ್ಷಾಯಿಣಿ. ಒಂಬತ್ತು ವರ್ಷ ಬರೆದಳು. ದಿನವೆಲ್ಲ ದುಡಿದು, ಸಂಜೆ ಅರ್ಧ ತಾಸು ಹಂದರದ ಮುಂದೆ ಕೂರುತ್ತಿದ್ದಳು. ದಣಿದ ದಿನ ಅದು ಸೂಚಿಸಿದ ಸಾಲಿಗೆ ಹೂಂ ಅನ್ನುತ್ತಿದ್ದಳು, ಹುರುಪಿದ್ದ ದಿನ ತಾನೇ ಬರೆಯುತ್ತಿದ್ದಳು. ಎರಡು ವರ್ಷದ ಹಿಂದೆ ಮುಗಿಸಿ, ಒಪ್ಪಿಗೆಗೆಂದು ನನ್ನ ಮುಂದೆ ತಂದಿಟ್ಟಳು.

ಅದರಲ್ಲಿ ನೀಲವ್ವನೆಂಬ ಅತ್ತೆಯಿದ್ದಳು. ಪಂಚಮಿಗೆ ಎರಡು ದಿನವಿದೆ ಎನ್ನುವಾಗ ಸೊಸೆ ಬಂದು, ತಾಯಿ ಸಾಯುವ ಹಾಗಿದ್ದಾಳೆ, ಕಳಿಸಿಕೊಡಿ ಎನ್ನುತ್ತಾಳೆ. ನೀಲವ್ವ ಅನ್ನುತ್ತಾಳೆ: "ನನ್ನ ಹೆಣ್ಮಕ್ಕಳು ಹಬ್ಬಕ್ಕ ಬರ್ತಾರ. ಉಂಡಿ ಕಟ್ಟೋರು ಯಾರು? ಹಬ್ಬಾ ಮುಗಿಸಿ ಹೋಗು."

ಆ ಮಾತು ನನ್ನದು, ಅಜ್ಜಿ. ಹದಿಮೂರು ವರ್ಷದ ಹಿಂದೆ ದಾಕ್ಷಿಗೆ ನಾನಂದದ್ದನ್ನು ಒಂದಕ್ಷರ ಬಿಡದೆ ಬರೆದಿದ್ದಳು. ಅವಳ ತವರಾದ ಸವಣೂರಿಗೆ ಆಗ ವಾರಕ್ಕೆ ಎರಡೇ ಬಂಡಿ. ಒಂದನ್ನು ನಾನು ತಪ್ಪಿಸಿದೆ. ಇನ್ನೊಂದರಲ್ಲಿ ಹೋದವಳಿಗೆ ಸಿಕ್ಕಿದ್ದು ತಾಯಿಯ ಮಣ್ಣು.

ಓಣಿಯೆಲ್ಲ ಕೂತು ಕೇಳುವ ಕತೆ ಅದು. ನನಗೆ ಮುಖ ಸುಟ್ಟಂತಾಯಿತು. ನೀಲವ್ವನ ಚೀಟಿ ತೆಗೆದೆ. 'ಸೊಸೆಯ ತಾಯಿಯ ಕಾಯಿಲೆ: ಗೊತ್ತು' ಎಂದಿತ್ತು. 'ಗೊತ್ತಿಲ್ಲ' ಎಂದು ಮಾಡಿದೆ. ನಲವತ್ತಮೂರು ಕಡೆ ಬದಲಾಗುತ್ತದೆ, ಬದಲಿಸಲೇ ಎಂದು ಹಂದರ ಕೇಳಿತು. ಆಗಲಿ ಅಂದೆ. ಹಿಟ್ಟು ನಾದಿ ಮುಗಿಸುವಷ್ಟರಲ್ಲಿ ಕತೆ ಬೇರೆಯಾಗಿತ್ತು. ನೀಲವ್ವ ಒಳ್ಳೆಯವಳು. ತಾಯಿಯ ಕಾಯಿಲೆಯನ್ನು ಸೊಸೆಯೇ ಹೇಳಿರಲಿಲ್ಲ. ಹಬ್ಬದ ಗದ್ದಲದಲ್ಲಿ ಬಾಯಿ ಬಿಡಲಿಲ್ಲ, ಆಮೇಲೆ ಗೋಳಾಡಿದಳು. ಒಂದು ಸಾಲೂ ಹರಿದಿರಲಿಲ್ಲ, ಎಲ್ಲ ನಯವಾಗಿ ಕೂಡಿಕೊಂಡಿತ್ತು. ಒಪ್ಪಿಗೆ ಒತ್ತಿದೆ.

ಓದುವ ದಿನ ಹಂದರ ಕತೆಯನ್ನು ಬರೆದವರ ದನಿಯಲ್ಲೇ ಓದುತ್ತದೆ. ದಾಕ್ಷಿ ತನ್ನ ದನಿ ತನ್ನ ಮೇಲೆಯೇ ತಪ್ಪು ಹೊರಿಸುವುದನ್ನು ನೂರು ಜನರ ನಡುವೆ ಕೂತು ಕೇಳಿದಳು. ಆ ಅಧ್ಯಾಯ ಮುಗಿದಾಗ ಪಕ್ಕದ ಮನೆಯ ಕಸ್ತೂರೆವ್ವ ಕೂಗಿದಳು: "ಅತ್ತಿ ಇಷ್ಟ್ ಚಲೋ ಅದಾಳಂದ್ರ ಇದು ಖರೇನ ಕಟ್ಟಕತಿ ಬಿಡ್ರೆವಾ!" ಎಲ್ಲರೂ ನಕ್ಕರು. ನಾನೂ ನಕ್ಕೆ. ದಾಕ್ಷಿ ನೆಲ ನೋಡುತ್ತಿದ್ದಳು. ಆಮೇಲೆ ಅವಳು ಒಂದು ಸಾಲೂ ಬರೆದಿಲ್ಲ.

ಇಷ್ಟೇ ಆಗಿದ್ದರೆ ನಾನು ಹೇಗೋ ಹೊತ್ತುಕೊಂಡಿರುತ್ತಿದ್ದೆ. ಈ ಪಂಚಮಿಗೆ ಇಬ್ಬರೂ ಉಂಡಿ ಕಟ್ಟುತ್ತಿದ್ದೆವು. ಕೈ ನಿಲ್ಲಿಸದೆ ಕೇಳಿದಳು:

"ಅತ್ತಿ, ಆವಾಗ ಅವ್ವನ ಸುದ್ದಿ ನಾ ನಿಮಗ ಹೇಳಿದ್ನೋ ಇಲ್ಲೋ? ಹೇಳೀನಿ ಅಂತನ ತಿಳಕೊಂಡಿದ್ನಿ. ಪುಸ್ತಕದಾಗ ನೋಡಿದ್ರ ನಾನ ಬ್ಯಾರೆ ಬರದೀನಿ. ಗುರುತೂ ಇಲ್ಲ, ಮತ್ಯಾರ ಬರೀತಾರ?"

ಹೇಳಬಹುದಿತ್ತು. ಬೆಲ್ಲದ ಪಾಕ ಇನ್ನೂ ಆರಿರಲಿಲ್ಲ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನಂದೆ: "ಇಲ್ಲವ್ವಾ. ನೀ ಹೇಳಿದ್ದಿಲ್ಲ."

"ಹಂಗಾರ ನಂದ ತಪ್ಪು," ಅಂದಳು. ಮತ್ತೊಂದು ಉಂಡಿ ಕಟ್ಟಿದಳು.

ತಾಯಿಯ ಮುಖ ನೋಡಗೊಡದ ಪಾಪ ಒಂದು. ನೋಡದೆ ಹೋದದ್ದು ತನ್ನದೇ ತಪ್ಪೆಂದು ಅವಳನ್ನು ನಂಬಿಸಿದ್ದು ಅದಕ್ಕಿಂತ ದೊಡ್ಡದು. ಮೊದಲನೆಯದನ್ನು ದರ್ಪದಲ್ಲಿ ಮಾಡಿದೆ. ಎರಡನೆಯದನ್ನು ತಣ್ಣಗೆ ಕೂತು ಮಾಡಿದೆ.

ಅಜ್ಜಿ, ಇಂಥ ಸಾಧನಗಳು ನಿಮ್ಮ ಕಾಲದಲ್ಲಿ ಈಗಷ್ಟೇ ಕಣ್ಣು ಬಿಡುತ್ತಿವೆ. ಬಳಸಬೇಡಿ ಎನ್ನುವುದಿಲ್ಲ, ದಾಕ್ಷಿಯಂಥ ದುಡಿಯುವ ಹೆಂಗಸು ಅದಿಲ್ಲದೆ ಕಾದಂಬರಿ ಮುಗಿಸುತ್ತಿರಲಿಲ್ಲ. ಒಂದನ್ನು ಮಾತ್ರ ಬೇಡುತ್ತೇನೆ. ಯಾರ ಕೈ ತಿದ್ದಿತೆಂಬುದು ಅದರಲ್ಲಿ ಉಳಿಯಲಿ. ಹಿರಿಯರದಾದರೆ ಇನ್ನೂ ದಪ್ಪ ಅಕ್ಷರದಲ್ಲಿ ಉಳಿಯಲಿ.

ಹಿಂದೋಲೆಯನ್ನು ಬದುಕಿರುವವರು ಕೇಳುವಂತಿಲ್ಲ ಎಂಬುದು ನಮ್ಮ ನೇಮ. ಬರೆಯುತ್ತ ಬರೆಯುತ್ತ ಆ ನೇಮದ ಸುಖ ನನಗೆ ತಿಳಿಯಿತು. ನಿಮ್ಮ ಮುಂದೆ ತಪ್ಪೊಪ್ಪಿಕೊಳ್ಳುವುದು ಸುಲಭ. ನೀವು ತಿರುಗಿ ಕೇಳುವುದಿಲ್ಲ, ನಾಳೆ ಬೆಳಿಗ್ಗೆ ನನ್ನೆದುರು ಕೂತು ಚಹಾ ಕುಡಿಯುವುದೂ ಇಲ್ಲ. ದಾಕ್ಷಿ ಮಾಳಿಗೆಯ ಮೇಲೆ ಜೋಳ ಹರವುತ್ತಿದ್ದಾಳೆ. ಈಗ ಅವಳನ್ನು ಕರೆದು ಕೂರಿಸಿ, ಇದನ್ನು ಮೊದಲಿನಿಂದ ನನ್ನ ಬಾಯಿಂದಲೇ ಓದುತ್ತೇನೆ. ಆಮೇಲೆ ಲೇಖನಿ ಅವಳಿಗೆ ಕೊಡುತ್ತೇನೆ. ಬೈದು ಬರೆಯಲಿ, ಹರಿದು ಹಾಕಲಿ, ಬರೆಯದೆ ಎದ್ದು ಹೋಗಲಿ. ಉಳಿದ ಹಾಳೆ ಅವಳದು.

ರುದ್ರವ್ವ