ಸವೆಯದ ಮೊದಲ ಸಾಲು

ಭಾನುವಾರ, ಮಧ್ಯಾಹ್ನ

ಅಮ್ಮಾ,

ನಿನ್ನ ಪಾರ್ಸೆಲ್ ನಿನ್ನೆ ಬಂತು. ಹನ್ನೆರಡು ಲಂಗೋಟಿಗಳೂ ಸರಿಯಾಗಿ ತಲುಪಿವೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಫೋನ್ ಮಾಡೋಣವೆಂದರೆ, ನಿನ್ನ ದನಿ ಕೇಳಿದ ಕೂಡಲೇ ಜಗಳಕ್ಕೆ ನಿಲ್ಲುತ್ತೇನೆ, ಇಲ್ಲವೇ ಅತ್ತುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ, ರಾತ್ರಿ ಬಸ್ಸಿನಲ್ಲಿ ಕಳಿಸಿದರೆ ನಾಳೆಯೇ ನಿನ್ನ ಕೈ ಸೇರುತ್ತದೆ.

ಹುಟ್ಟಿದ ದಿನದಿಂದ ಓಡಾಡುವ ವಯಸ್ಸಿನವರೆಗೂ ಬಾಳಿಕೆ ಬರುವ ಬಟ್ಟೆ ಡಯಾಪರ್ ಬೇಕೆಂದು ನಾನು ಅಂಗಡಿ ಅಂಗಡಿ ಅಲೆದದ್ದು ನಿನಗೆ ಗೊತ್ತೇ ಇದೆ. ಒಂದರ ಎಲಾಸ್ಟಿಕ್ ಎಳೆದರೆ ಎಳೆದ ಹಾಗೇ ಉಳಿಯಿತು. ಇನ್ನೊಂದನ್ನು ಬೆಳಕಿಗೆ ಹಿಡಿದರೆ ಬಟ್ಟೆಯ ಆಚೆ ಅಂಗಡಿಯವನ ಮೀಸೆ ಕಾಣುತ್ತಿತ್ತು. ಹಾಗೆಂದು ಅವನಿಗೇ ಹೇಳಿದ್ದಕ್ಕೆ, ಮೇಡಂ ನೀವು ತಗೊಳ್ಳೋಕೆ ಬಂದ್ರೋ, ತಪಾಸಣೆಗೆ ಬಂದ್ರೋ ಅಂದ. ಹನ್ನೊಂದು ವರ್ಷ ಗಾರ್ಮೆಂಟ್ಸಿನ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತವಳು ನಾನು. ಕಣ್ಣನ್ನು ಮನೆಯಲ್ಲಿಟ್ಟು ಅಂಗಡಿಗೆ ಹೋಗಲಾದೀತೇ?

ಆಗ ನೀನೇ ಅಂದೆ, ಅಂಗಡಿಯದೆಲ್ಲ ಬೇಡ, ನಾನು ಹೊಲಿದವು ಪೆಟ್ಟಿಗೆಯಲ್ಲಿ ಹಾಗೇ ಇವೆ, ಹುಟ್ಟಿದ ದಿನದಿಂದ ಮೂರು ವರ್ಷ ತುಂಬುವವರೆಗೆ ನೀನು ಹಾಕಿಕೊಂಡದ್ದು ಇವನ್ನೇ, ಎಲಾಸ್ಟಿಕ್ ಬದಲಿಸಿದರೆ ನಿನ್ನ ಮಗುವಿಗೂ ಸಾಕು ಅಂತ. ಲಂಗೋಟಿ ಕಳಿಸುತ್ತೇನೆ ಅಂದವಳು ನೀನು ಬರುತ್ತೇನೆ ಅನ್ನಲಿಲ್ಲ. ಬಾಣಂತನಕ್ಕೆ ಬಾ ಎಂದು ನಾಲ್ಕು ಸಲ ಕರೆದೆ. ಮೊದಲು ಮಂಡಿನೋವು, ಆಮೇಲೆ ಗಿರಾಕಿಗಳ ಬಟ್ಟೆ, ಆಮೇಲೆ ದೂರದ ಪ್ರಯಾಣ, ಮತ್ತೆ ಮಂಡಿನೋವು. ನನಗೆ ಎಷ್ಟು ನೋವಾಗಿತ್ತೆಂದು ನಿನಗೆ ಹೇಳಿರಲಿಲ್ಲ.

ನಿನ್ನೆ ಅವನ್ನು ಮಂಚದ ಮೇಲೆ ಹರಡಿಕೊಂಡು ಕೂತೆ. ನಿನ್ನ ಕೈಗೆ ನಿನ್ನ ಕೈಯೇ ಸಾಟಿ. ಒಂದು ಹೊಲಿಗೆ ಬಿಟ್ಟಿಲ್ಲ, ಒಳಪದರ ಇನ್ನೂ ದಪ್ಪಗಿದೆ. ಮುಂಭಾಗದಲ್ಲಿ ಮೂರು ಸಾಲು ಪ್ರೆಸ್ ಬಟನ್ ಹಾಕಿದ್ದೀಯ. ಮೊದಲ ಸಾಲು ಹಸುಗೂಸಿಗೆ, ಎರಡನೆಯದು ಅಂಬೆಗಾಲಿಡುವಾಗ, ಮೂರನೆಯದು ಓಡುವಾಗ. ಮೂರನೆಯ ಸಾಲಿನ ಗುಂಡಿಗಳ ಬೆಳ್ಳನೆಯ ಲೇಪ ಪೂರ್ತಿ ಹೋಗಿ ಹಿತ್ತಾಳೆ ಕಾಣುತ್ತಿದೆ. ಎರಡನೆಯ ಸಾಲೂ ಸಡಿಲವಾಗಿದೆ. ಕಿತ್ತುಬಂದ ಎರಡು ಗುಂಡಿಗಳನ್ನು ನೀಲಿ ದಾರದಲ್ಲಿ ಮತ್ತೆ ಹೊಲಿದಿದ್ದೀಯ. ಮೊದಲ ಸಾಲು ಮಾತ್ರ ಮಾಸಿದೆ, ಸವೆದಿಲ್ಲ. ಮಾಸುವುದಕ್ಕೂ ಸವೆಯುವುದಕ್ಕೂ ಇರುವ ವ್ಯತ್ಯಾಸ ನೋಡುವುದೇ ನನ್ನ ಹೊಟ್ಟೆಪಾಡು, ಅಮ್ಮಾ. ಹನ್ನೆರಡನ್ನೂ ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಆ ಸಾಲನ್ನು ಯಾರೂ ಒಂದು ಸಲವೂ ಒತ್ತಿಲ್ಲ.

ಮೊದಲು ನಗು ಬಂತು. ಊರಿನವರ ಅಳತೆಯನ್ನೆಲ್ಲ ಕಣ್ಣಲ್ಲೇ ಹಿಡಿಯುವ ನನ್ನಮ್ಮ ಸ್ವಂತ ಮಗಳ ಅಳತೆ ತಪ್ಪಿದಳಲ್ಲ, ನಾನು ಹುಟ್ಟುತ್ತಲೇ ಗುಂಡುಗುಂಡಗಿದ್ದೆನೇನೋ ಅಂದುಕೊಂಡೆ. ಮರುಗಳಿಗೆಗೆ ನಿನ್ನ ಮಾತು ನೆನಪಾಯಿತು. ಹುಟ್ಟಿದಾಗ ನೀನು ನನ್ನ ಅಂಗೈಯಗಲ ಇದ್ದೆ, ಬಲಗಿವಿಯ ಮೇಲೆ ಒಂದೇ ಒಂದು ಸುರುಳಿ ಕೂದಲಿತ್ತು ಎಂದು ಪ್ರತಿ ಹುಟ್ಟುಹಬ್ಬಕ್ಕೂ ಹೇಳಿದವಳು ನೀನಲ್ಲವೇ? ಅಂಗೈಯಗಲದ ಮಗುವಿಗೆ ಎರಡನೆಯ ಸಾಲು ಹಾಕಿದರೆ ಲಂಗೋಟಿ ಕುತ್ತಿಗೆಗೆ ಬರುತ್ತದೆ.

ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅಮ್ಮ ಈ ಲಂಗೋಟಿಗಳನ್ನು ಯಾವಾಗ ಹೊಲಿದಳು ಎಂದಷ್ಟೇ ಕೇಳಿದ್ದು. ಅವಳು, ಯಾರೇ ನಿಂಗೆ ಹೇಳಿದ್ದು ಅಂದಳು! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಫೋನ್ ಇಟ್ಟುಬಿಟ್ಟಳು. ಅರ್ಧ ಗಂಟೆ ಬಿಟ್ಟು ತಾನೇ ಮಾಡಿ, ಅಳುತ್ತಾ ಎಲ್ಲ ಹೇಳಿದಳು. ಅವಳನ್ನು ಬೈಯಬೇಡ, ಬಾಯಿ ಬಿಡಿಸಿದವಳು ನಾನು.

ನೀನು ಇವನ್ನು ಹೊಲಿದದ್ದು ನಿನ್ನ ಮೊದಲ ಮಗುವಿಗಂತೆ. ಏಳನೇ ತಿಂಗಳಿಗೇ ಹುಟ್ಟಿದ ಅದು ಒಂದು ದಿನವೂ ಉಳಿಯಲಿಲ್ಲವಂತೆ. ವರ್ಷ ಕಳೆದ ಮೇಲೆ ನೀನೂ ಅಪ್ಪನೂ ಅನಾಥಾಶ್ರಮಕ್ಕೆ ಹೋಗಿ ನನ್ನನ್ನು ತಂದಿರಂತೆ. ಆಗ ನನಗೆ ಹನ್ನೊಂದು ತಿಂಗಳು, ಗೋಡೆ ಹಿಡಿದು ನಿಲ್ಲುತ್ತಿದ್ದೆನಂತೆ.

ನಾನು ಲಂಗೋಟಿಗಳನ್ನು ಮಡಚುತ್ತಾ, ಮತ್ತೆ ಬಿಡಿಸುತ್ತಾ ಕೂತಿದ್ದೆ. ಇವರು ಕೆಲಸದಿಂದ ಬಂದು, ಯಾಕೆ, ನೋವು ಶುರುವಾಯ್ತಾ ಎಂದು ಗಾಬರಿಯಾದರು. ಇಲ್ಲ ಅಂದೆ.

ತಂದು ಸಾಕಿದಿರಿ ಎಂದು ನನಗೆ ಸಿಟ್ಟಿಲ್ಲ. ಆ ಸುರುಳಿ ಕೂದಲಿಗೆ ಸಿಟ್ಟು. ಚಿಕ್ಕವಳಿದ್ದಾಗ ಕನ್ನಡಿಯ ಮುಂದೆ ನಿಂತು ಬಲಗಿವಿಯ ಹತ್ತಿರ ಅದನ್ನು ಹುಡುಕುತ್ತಿದ್ದೆ. ಬೆಳೀತಾ ನೇರ ಆಯ್ತು ಕಣೇ ಎಂದು ನೀನು ಎಣ್ಣೆ ಹಚ್ಚುತ್ತಿದ್ದೆ. ಅದು ನನ್ನದಲ್ಲ. ಇಪ್ಪತ್ತೊಂಬತ್ತು ವರ್ಷ ಇನ್ನೊಬ್ಬಳ ಹುಟ್ಟನ್ನು ನನಗೆ ತೊಡಿಸಿದ್ದೀಯ. ಇಂದು ಬೆಳಿಗ್ಗೆ ಹಲ್ಲುಜ್ಜುವಾಗಲೂ ಕೈ ಕಿವಿಯ ಹತ್ತಿರ ಹೋಯಿತು. ಗೋಡೆ ಹಿಡಿದು ನಿಂತಿದ್ದ ಆ ಮಗುವಿನ ಕಥೆಯನ್ನು ಯಾಕಮ್ಮ ಹೇಳಲಿಲ್ಲ? ಅದೂ ಚೆನ್ನಾಗಿಯೇ ಇತ್ತಲ್ಲ.

ಆದರೆ ಒಂದು ವಿಷಯ ಈಗ ಹೊಳೆಯುತ್ತಿದೆ. ನಿನ್ನ ಮಂಡಿಗೆ ಏನೂ ಆಗಿಲ್ಲ. ಹಸುಗೂಸನ್ನು ಕೈಗೆ ತೆಗೆದುಕೊಳ್ಳಲು ನಿನಗೆ ಭಯ. ಪಕ್ಕದ ಮನೆಯಾಕೆ ತನ್ನ ಮಗುವನ್ನು ತೋರಿಸಲು ತಂದಾಗ, ಕೈಯಲ್ಲಿ ಸೂಜಿ ಇದೆ ಎಂದು ನೀನು ಹಿಂದೆ ಸರಿದದ್ದು ನೆನಪಾಯಿತು. ಅಂದು ನಿನ್ನ ಕೈಯಲ್ಲಿ ಸೂಜಿ ಇರಲಿಲ್ಲ.

ಬಾ ಎಂದು ಐದನೆಯ ಸಲ ಕರೆಯುತ್ತಿದ್ದೇನೆ. ಬಂದ ಮೇಲೆ ಎರಡು ದಿನ ನಿನ್ನ ಜೊತೆ ಮಾತು ಬಿಡುತ್ತೇನೆ, ಸಹಿಸಿಕೋ. ಮೂರನೆಯ ದಿನ ನೀನು ಇಬ್ಬರ ಕಥೆಯನ್ನೂ ಹೇಳಬೇಕು, ಬೇರೆ ಬೇರೆಯಾಗಿ.

ಇತಿ,
ಗೋಡೆ ಹಿಡಿದು ನಿಂತಿದ್ದ
ನಿನ್ನ ಮಗಳು

ತಾ.ಕ.: ಮುಚ್ಚಿಟ್ಟವಳು ನೀನೊಬ್ಬಳೇ ಅಲ್ಲ. ಹೆರಿಗೆಗೆ ಇನ್ನೂ ಐದು ವಾರ ಇದೆ ಎಂದು ನಿನಗೆ ಹೇಳಿದ್ದು ಸುಳ್ಳು. ಮಗು ಬೆಳೆದಿರುವುದು ಸಾಲದು, ಈ ಬರುವ ಗುರುವಾರವೇ ತೆಗೆಯುತ್ತೇವೆ ಎಂದು ಡಾಕ್ಟರು ಹೇಳಿ ಮೂರು ದಿನವಾಯಿತು. ಎದೆಬಡಿತ ಚೆನ್ನಾಗಿದೆಯಂತೆ, ಆದರೆ ತುಂಬಾ ಪುಟ್ಟದಂತೆ. ಮೊದಲ ಸಾಲೇ ಬೇಕಾಗುತ್ತದೆ. ಆ ಗುಂಡಿಗಳು ಬಲು ಬಿಗಿ, ಎಷ್ಟು ಒತ್ತಿದರೂ ನನ್ನ ಹೆಬ್ಬೆರಳಿಗೆ ಆಗುತ್ತಿಲ್ಲ. ಬುಧವಾರದೊಳಗೆ ಬಂದು ನೀನೇ ಒತ್ತಿಕೊಡು.